ಕ್ರೈಸ್ತರ ಕಾಸು, ಯಹೂದಿಗಳ ಡಬ್ಬಿ: ಕೊಡೋರ ಲೆಕ್ಕವೇ ಬೇರೆ, ತಗೊಳ್ಳೋರ ಲೆಕ್ಕವೇ ಬೇರೆ

ಅಮೆರಿಕಾದ ಕ್ರೈಸ್ತ ಟಿವಿ ಚಾನೆಲ್‌ಗಳಲ್ಲಿ ಒಂದು ಥರದ ಜಾಹೀರಾತು ವರ್ಷಗಟ್ಟಲೆಯಿಂದ ಬರ್ತಾನೇ ಇದೆ. ಉಕ್ರೇನ್ ಕಡೆ ಯಾವುದೋ ಊರು, ಹೊರಗೆ ಹಿಮ, ಒಳಗೆ ತಲೆಗೆ ಬಟ್ಟೆ ಕಟ್ಕೊಂಡಿರೋ ಎಂಬತ್ತು ದಾಟಿದ ಅಜ್ಜಿ. ಬಾಗಿಲು ತೆಗೀತಾಳೆ, ಯಾರೋ ರಟ್ಟಿನ ಡಬ್ಬ ಹಿಡ್ಕೊಂಡು ನಿಂತಿದಾರೆ, ಒಳಗೆ ಎಣ್ಣೆ, ಹಿಟ್ಟು, ಸಕ್ಕರೆ. ಅಜ್ಜಿ ಅಳ್ತಾಳೆ. ಆಮೇಲೆ ತಲೆ ಮೇಲೆ ಪುಟ್ಟ ಟೋಪಿ ಇಟ್ಕೊಂಡ ರಬ್ಬಿ, ಅಂದ್ರೆ ಯಹೂದಿ ಧರ್ಮಗುರು, ಕ್ಯಾಮೆರಾ ನೋಡ್ಕೊಂಡು, ಈ ತಾಯಿ ಹಿಟ್ಲರ್ ಕಾಲದಲ್ಲಿ ಬದುಕುಳಿದವಳು, ನಿಮ್ಮ ಕೈಲಾದಷ್ಟು ಕಳಿಸಿ ಅಂತ ಕೇಳ್ಕೋತಾರೆ. ಕೇಳ್ತಿರೋದು ಯಾರನ್ನ? ಟೆಕ್ಸಾಸ್, ಟೆನೆಸ್ಸಿ ಕಡೆ ಭಾನುವಾರ ತಪ್ಪದೇ ಚರ್ಚಿಗೆ ಹೋಗೋ, ಬೈಬಲ್ ಮಾತೇ ಕೊನೆ ಅನ್ನೋ ಇವ್ಯಾಂಜಲಿಕಲ್ ಕ್ರೈಸ್ತರನ್ನ. ಯಹೂದಿ ಅಜ್ಜಿಗೆ ಯಹೂದಿ ರಬ್ಬಿ ಕ್ರೈಸ್ತರ ಹತ್ರ ಕೈ ಒಡ್ಡಿ ನಿಂತಿರೋದು, ಸ್ವಲ್ಪ ಇತಿಹಾಸ ಓದಿದವರಿಗೆ ಇದು ಎಷ್ಟು ವಿಚಿತ್ರ ಅಂತ ತಕ್ಷಣ ಅನ್ಸುತ್ತೆ, ಯಾಕಂದ್ರೆ ಯುರೋಪಲ್ಲಿ ಸುಮಾರು ಸಾವಿರದ ಐನೂರು ವರ್ಷ ಯಹೂದಿಗಳನ್ನ ಊರು ಬಿಡಿಸಿದ್ದು, ಕೇರಿಯೊಳಗೆ ಕೂಡಿ ಹಾಕಿದ್ದು, ಬಲವಂತವಾಗಿ ಸ್ನಾನ ದೀಕ್ಷೆ ಕೊಟ್ಟಿದ್ದು ಇದೇ ಕ್ರೈಸ್ತ ರಾಜ್ಯಗಳು.

ಆ ಜಾಹೀರಾತುಗಳಲ್ಲಿ ವರ್ಷಗಟ್ಟಲೆ ಕಾಣಿಸ್ಕೊಂಡ ರಬ್ಬಿ ಹೆಸರು ಯೆಖಿಯೆಲ್ ಎಕ್‌ಸ್ಟೈನ್. 1951ರಲ್ಲಿ ಅಮೆರಿಕಾದಲ್ಲಿ ಹುಟ್ಟಿದವರು, ಬೆಳೆದಿದ್ದು ಕೆನಡಾದ ಒಟ್ಟಾವಾದಲ್ಲಿ, ಅಪ್ಪನೂ ರಬ್ಬಿನೇ. 1977ರ ಸುಮಾರಿಗೆ ಷಿಕಾಗೋ ಪಕ್ಕದ ಸ್ಕೋಕಿ ಅನ್ನೋ ಊರಲ್ಲಿ ಅಮೆರಿಕನ್ ನಾಜಿಗಳ ಒಂದು ಗುಂಪು ಮೆರವಣಿಗೆ ಮಾಡ್ತೀವಿ ಅಂತ ಹಟ ಹಿಡೀತು. ಅವರು ಆ ಊರನ್ನೇ ಆರಿಸ್ಕೊಂಡಿದ್ದಕ್ಕೆ ಕಾರಣ ಇತ್ತು, ಅಲ್ಲಿ ಹೊಲೊಕಾಸ್ಟ್‌ನಿಂದ, ಅಂದ್ರೆ ಹಿಟ್ಲರ್ ನಡೆಸಿದ ಯಹೂದಿ ನರಮೇಧದಿಂದ, ಉಳಿದು ಬಂದವರ ಮನೆಗಳು ತುಂಬಾ ಇದ್ವು. ಇದನ್ನ ತಡೆಯೋಕೆ ಕ್ರೈಸ್ತರ ಬೆಂಬಲ ಸಿಗುತ್ತಾ ನೋಡು ಅಂತ ಒಂದು ಯಹೂದಿ ಸಂಘಟನೆಯವರು ಈ ಯುವ ರಬ್ಬಿಯನ್ನ ಕಳಿಸಿದ್ರು. ಅವರು ಅಲ್ಲಿ ಹೋಗಿ ಕಂಡುಕೊಂಡಿದ್ದು ಏನಪ್ಪಾ ಅಂದ್ರೆ, ಯಹೂದಿ ಸಂಘಟನೆಗಳು ತಿರುಗಿ ಕೂಡ ನೋಡದೇ ಇದ್ದ ಇವ್ಯಾಂಜಲಿಕಲ್‌ಗಳೇ ನಾವಿದೀವಿ ಅಂತ ಮುಂದೆ ಬಂದ್ರು. 1983ರಲ್ಲಿ ಷಿಕಾಗೋದಲ್ಲಿ ಒಂದು ಸಣ್ಣ ಸಂಸ್ಥೆ ಶುರು ಮಾಡಿದ್ರು, ಅದೇ ಮುಂದೆ ಇಂಟರ್‌ನ್ಯಾಷನಲ್ ಫೆಲೋಶಿಪ್ ಆಫ್ ಕ್ರಿಶ್ಚಿಯನ್ಸ್ ಅಂಡ್ ಜ್ಯೂಸ್ ಆಯ್ತು. ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿಂದ ಯಹೂದಿಗಳನ್ನ ಇಸ್ರೇಲ್‌ಗೆ ಕರ್ಕೊಂಡು ಬರೋ ವಿಮಾನಕ್ಕೆ ಟಿವಿ ಮೂಲಕ ದುಡ್ಡು ಎತ್ತೋ ಐಡಿಯಾ ಬಂತು, ಗಾಯಕ ಪ್ಯಾಟ್ ಬೂನ್ ಜೊತೆ ಕಾರ್ಯಕ್ರಮ ಮಾಡಿದ್ರು, ಅಲ್ಲಿಂದ ಬಾಗಿಲು ತೆರೆದ ಹಾಗಾಯ್ತು. 2019ರ ಫೆಬ್ರವರಿಯಲ್ಲಿ ಜೆರುಸಲೇಮಲ್ಲಿ ಅವರು ತೀರ್ಕೊಂಡಾಗ ಸಂಸ್ಥೆ ಒಟ್ಟು ಎತ್ತಿದ್ದ ದುಡ್ಡು 140 ಕೋಟಿ ಡಾಲರ್‌ಗೂ ಹೆಚ್ಚು. ಮಗಳು ಯಾಯೆಲ್ ಎಕ್‌ಸ್ಟೈನ್ ಈಗ ನಡೆಸ್ತಿದಾರೆ.

140 ಕೋಟಿ ಡಾಲರ್ ಅಂದ್ರೆ ಯಾರೋ ನಾಲ್ಕು ಜನ ಶ್ರೀಮಂತರು ಬರೆದ ಚೆಕ್ಕು ಅನ್ಕೋಬೇಡಿ. ಇದರ ಬಹುಪಾಲು ತಿಂಗಳಿಗೆ ಇಪ್ಪತ್ತು ಮೂವತ್ತು ಡಾಲರ್ ಕಳಿಸೋ ಲಕ್ಷಾಂತರ ಜನರದ್ದು, ಪೆನ್ಷನ್ ತಗೊಳ್ಳೋ ಅಜ್ಜ ಅಜ್ಜಿಯರು, ಟ್ರಕ್ ಓಡಿಸೋರು. ಅಂದ್ರೆ ಅಲ್ಲಿನ ಅಜ್ಜಿ ಇಲ್ಲಿನ ಅಜ್ಜಿಗೆ ಕೊಡ್ತಿದಾಳೆ. ನನಗೆ ಈ ವಿಷಯದಲ್ಲಿ ಏನೇ ತಕರಾರಿದ್ರೂ ಈ ಒಂದು ಅಂಶ ನೋಡಿದಾಗ ಸ್ವಲ್ಪ ಮೆತ್ತಗಾಗ್ತೀನಿ.

ಸರಿ, ಇವರು ಯಾಕೆ ಕೊಡ್ತಾರೆ? ಬೈಬಲ್‌ನ ಆದಿಕಾಂಡ 12ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ ಒಂದು ಮಾತು ಕೊಡ್ತಾನೆ, ನಿನ್ನನ್ನ ಹರಸೋರನ್ನ ನಾನು ಹರಸ್ತೀನಿ, ಶಪಿಸೋರನ್ನ ಶಪಿಸ್ತೀನಿ ಅಂತ. ಇವ್ಯಾಂಜಲಿಕಲ್‌ಗಳು ಇದನ್ನ ಅಕ್ಷರಶಃ ತಗೋತಾರೆ, ಅಬ್ರಹಾಮನ ಮಕ್ಕಳಿಗೆ ಒಳ್ಳೇದು ಮಾಡಿದ್ರೆ ನಮಗೆ ಒಳ್ಳೇದಾಗುತ್ತೆ, ಅಷ್ಟೇ. ನಮ್ಮಲ್ಲಿ ಹರಕೆ ಹೊತ್ತುಕೊಳ್ಳಲ್ವಾ, ಹೆಚ್ಚುಕಮ್ಮಿ ಅದೇ ಮನಸ್ಸು. ಇನ್ನು ಕೆಲವರಿಗೆ ಪಾಪಪ್ರಜ್ಞೆ, ನಮ್ಮ ಹಿರಿಯರು ಇವರಿಗೆ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂತ. ಮೂರನೇದು ಒಂದಿದೆ, ಅದೇ ತಲೆನೋವು. ಯಹೂದಿಗಳೆಲ್ಲ ಇಸ್ರೇಲ್‌ಗೆ ವಾಪಸ್ ಬಂದ್ಮೇಲೆ ಕೊನೇ ಕಾಲ ಬರುತ್ತೆ, ಯೇಸು ಎರಡನೇ ಸಲ ಬರ್ತಾನೆ, ಆಗ ಯಹೂದಿಗಳು ಅವನನ್ನ ಒಪ್ಕೋಬೇಕು, ಇಲ್ಲಾಂದ್ರೆ ನಾಶ, ಈ ನಂಬಿಕೆ ಇರೋರೂ ಆ ಗುಂಪಲ್ಲಿ ಧಾರಾಳವಾಗಿದಾರೆ. ಕೊಡೋ ಎಲ್ಲರ ತಲೇಲೂ ಇದೇ ಓಡ್ತಿದೆ ಅಂತ ನಾನು ಹೇಳಲ್ಲ, ಮೂವತ್ತು ಡಾಲರ್ ಕಳಿಸೋ ಅಜ್ಜಿ ಜಗತ್ತು ಮುಗಿಯೋ ಪ್ಲಾನ್ ಮಾಡ್ಕೊಂಡು ಕೂತಿರಲ್ಲ. ಆದ್ರೂ ವಿಮಾನದ ಟಿಕೆಟ್ ಕೊಡಿಸೋನು ಮನಸ್ಸಲ್ಲಿ ಈ ಕಥೆ ಇಟ್ಕೊಂಡಿದ್ರೆ ಆ ಟಿಕೆಟ್ ತಗೊಂಡು ಹತ್ತೋನಿಗೆ ಹೇಗನ್ನಿಸಬೇಡ.

ಇಲ್ಲಿ ಒಂದು ಶಬ್ದದ ವಿಷಯ ಹೇಳ್ಬಿಡ್ತೀನಿ. ಇಂಗ್ಲಿಷಿನ ಚಾರಿಟಿ ಅನ್ನೋದು ಲ್ಯಾಟಿನ್‌ನ ಕಾರಿತಾಸ್‌ನಿಂದ ಬಂದಿದ್ದು, ಅಂದ್ರೆ ಪ್ರೀತಿ. ಯಹೂದಿಗಳು ಅದಕ್ಕೆ ಹೇಳೋ ಶಬ್ದ ತ್ಸೆದಾಕಾ, ಅದರ ಮೂಲ ತ್ಸೆದೆಕ್, ಅಂದ್ರೆ ನ್ಯಾಯ. ಪ್ರೀತಿ ಬಂದ್ರೆ ಕೊಡ್ತೀನಿ ಅನ್ನೋ ಹಾಗಿಲ್ಲ, ಬಡವನಿಗೆ ಸೇರಬೇಕಾದ್ದನ್ನ ಸೇರಿಸಬೇಕು, ಅದು ಸಾಲ ತೀರಿಸಿದ ಹಾಗೆ. ನಮಗೆ ಇದು ಹೊಸದಲ್ಲ ನೋಡಿ, ಬಸ್ ಸ್ಟ್ಯಾಂಡಲ್ಲಿ ಭಿಕ್ಷೆ ಬೇಡೋರು "ಧರ್ಮ ಮಾಡಿ ತಾಯಿ" ಅಂತಾರಲ್ಲ, "ಪ್ರೀತಿ ಮಾಡಿ" ಅನ್ನಲ್ಲ. ಕನ್ನಡದ ಈ "ಧರ್ಮ" ಮತ್ತೆ ಹೀಬ್ರೂನ ತ್ಸೆದಾಕಾ ಎರಡೂ ಅಕ್ಕಪಕ್ಕದ ಮನೆಯವು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ.

ಈಗ ತಗೊಳ್ಳೋರ ಕಡೆಗೆ ಬರೋಣ, ಅಸಲಿ ಕಥೆ ಇರೋದು ಅಲ್ಲೇ. ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ ಅಂತ ನಾವು ನಗ್ತೀವಿ, ಯಹೂದಿಗಳು ಮಾತ್ರ ಪರಧರ್ಮದವರು ಕೊಟ್ಟ ದಟ್ಟಿಗೆ ಸಾವಿರದ ಆರುನೂರು ವರ್ಷದಿಂದ ಮೊಳ ಹಾಕ್ತಾನೇ ಇದಾರೆ, ಮತ್ತೆ ಹಾಕಿದ್ದರಲ್ಲಿ ತಪ್ಪೇನೂ ಇಲ್ಲ.

ಯಹೂದಿಗಳ ಹಳೇ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್‌ನಲ್ಲಿ ಒಂದು ಪ್ರಸಂಗ ಬರುತ್ತೆ. ಪರ್ಷಿಯಾದ ರಾಜ ಶಾಪೂರನ ತಾಯಿ ಇಫ್ರಾ ಹಾರ್ಮಿಜ್ ಅಂತ, ಅವಳು ರಬ್ಬಿ ಅಮ್ಮಿ ಅನ್ನೋರಿಗೆ ನಾನೂರು ದಿನಾರ್ ಕಳಿಸ್ತಾಳೆ, ಬಡವರಿಗೆ ಹಂಚಿ ಅಂತ. ಅವರು ಬೇಡ ಅಂತ ವಾಪಸ್ ಕಳಿಸ್ತಾರೆ. ಅದನ್ನೇ ರಾವಾ ಅನ್ನೋ ಇನ್ನೊಬ್ಬ ಗುರುವಿಗೆ ಕಳಿಸ್ತಾಳೆ, ಅವರು ತಗೋತಾರೆ. ಯಾಕಪ್ಪಾ ತಗೊಂಡೆ ಅಂತ ಅಮ್ಮಿಯವರಿಗೆ ಸಿಟ್ಟು. ಅರಮನೆ ಜೊತೆ ಜಗಳ ಬೇಡ ಅಂತ ತಗೊಂಡೆ ಅನ್ನೋದು ರಾವಾ ಉತ್ತರ, ಮತ್ತೆ ಆ ದುಡ್ಡನ್ನ ಅವರು ಯಹೂದಿ ಬಡವರಿಗೆ ಕೊಡಲೇ ಇಲ್ಲ, ಯಹೂದಿಗಳಲ್ಲದ ಬಡವರಿಗೆ ಹಂಚಿಬಿಟ್ರಂತೆ. ಹನ್ನೆರಡನೇ ಶತಮಾನದಲ್ಲಿ ಮೈಮೋನಿಡಿಸ್ ಅನ್ನೋ ಯಹೂದಿ ಪಂಡಿತ ಕಾನೂನು ಗ್ರಂಥ ಬರೆಯುವಾಗ ಇದನ್ನೇ ನಿಯಮ ಮಾಡಿಟ್ರು. ಪರಧರ್ಮದವರ ಹತ್ರ ಎಲ್ಲರೆದುರಿಗೆ ದಾನ ತಗೋಬೇಡಿ, ನಮ್ಮವರು ಕೊಡೋದು ಸಾಲದೆ ಬದುಕೋಕೇ ಆಗದಿದ್ರೆ, ಗುಟ್ಟಾಗಿ ತಗೊಳ್ಳೋಕೂ ದಾರಿ ಇಲ್ಲದಿದ್ರೆ ಆಗ ತಗೊಳ್ಳಿ. ಯಾಕೆ ಈ ನಿಷ್ಠುರ? ದುಡ್ಡಿನ ಹಿಂದೆ ಋಣ ಬರುತ್ತೆ, ಋಣದ ಹಿಂದೆ ಕೊಟ್ಟವನ ದೇವರು ಬರ್ತಾನೆ ಅನ್ನೋ ಭಯ, ಜೊತೆಗೆ ನಮ್ಮ ಬಡವರನ್ನ ನಾವೇ ಸಾಕೋಕಾಗದೆ ಅವರ ಮುಂದೆ ಕೈ ಚಾಚಿದ್ವಿ ಅನ್ನೋ ಅವಮಾನ. ಅದೇ ಯಹೂದಿ ಸಂಪ್ರದಾಯದಲ್ಲೇ ಇನ್ನೊಂದು ಮಾತೂ ಇದೆ, ಯಹೂದಿ ಬಡವನ ಜೊತೆ ಪರಧರ್ಮದ ಬಡವನಿಗೂ ಊಟ ಹಾಕು, ಊರಲ್ಲಿ ಶಾಂತಿ ಇರಬೇಕು ಅಂತ. ಕೊಡೋಕೆ ಅಡ್ಡಿ ಇಲ್ಲ, ತಗೊಳ್ಳೋಕೆ ಮಾತ್ರ ನೂರು ಷರತ್ತು.

ಹಾಗಾಗಿ ಎಕ್‌ಸ್ಟೈನ್ ಇಸ್ರೇಲ್‌ಗೆ ಕ್ರೈಸ್ತರ ದುಡ್ಡು ತಂದು ಸುರಿಯೋಕೆ ಶುರು ಮಾಡಿದಾಗ ಬೈಸ್ಕೊಂಡಿದ್ದು ಕ್ರೈಸ್ತರಿಂದಲ್ಲ, ತಮ್ಮವರಿಂದ. 2000ರ ನಂತರ ಕೆಲವು ಹಿರಿಯ ಆರ್ಥೊಡಾಕ್ಸ್, ಅಂದ್ರೆ ಕಟ್ಟಾ ಸಂಪ್ರದಾಯದ, ರಬ್ಬಿಗಳು ಈ ದುಡ್ಡು ಮುಟ್ಟಬೇಡಿ ಅಂತಲೇ ಹೇಳಿದ್ರು. ಅಮೆರಿಕಾದ ದೊಡ್ಡ ಯಹೂದಿ ನಾಯಕ ಅಬ್ರಹಾಂ ಫಾಕ್ಸ್‌ಮನ್ ಇನ್ನೂ ಖಾರವಾಗಿ, ನಾವೇನು ಗತಿ ಇಲ್ಲದವರಾ, ಯಹೂದಿಗಳ ಮರ್ಯಾದೆ ಮಾರ್ತಿದಾನೆ ಇವನು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಆದ್ರೆ ನಿಜಸ್ಥಿತಿ ಏನು ಅಂದ್ರೆ ಇಸ್ರೇಲಲ್ಲಿ ಹೆಚ್ಚುಕಮ್ಮಿ ಐದು ಜನರಲ್ಲಿ ಒಬ್ರು ಬಡತನ ರೇಖೆ ಕೆಳಗಿದಾರೆ, ಅವರಲ್ಲಿ ಹೊಲೊಕಾಸ್ಟ್ ಕಂಡ ಮುದುಕರೂ ಸೇರಿದಾರೆ. ಊಟದ ಕೇಂದ್ರ ನಡೆಸೋ ಮುನ್ಸಿಪಾಲಿಟಿಯವನಿಗೆ ತಾಲ್ಮುದ್ ಪ್ರಸಂಗಕ್ಕಿಂತ ನಾಳೆ ಬೆಳಗ್ಗೆಯ ಬ್ರೆಡ್ ಮುಖ್ಯ. ಒಬ್ಬೊಬ್ರೇ ತಗೊಳ್ಳೋಕೆ ಶುರು ಮಾಡಿದ್ರು. ಕೊನೆಗೆ ಯಹೂದಿಗಳನ್ನ ಇಸ್ರೇಲ್‌ಗೆ ಕರೆತರೋ ಅಧಿಕೃತ ಸಂಸ್ಥೆ, ಜ್ಯೂಯಿಷ್ ಏಜೆನ್ಸಿ, ಅದೂ ಇವರನ್ನ ಪಾಲುದಾರ ಮಾಡ್ಕೊಳ್ತು, ಆಮೇಲೆ ನಮಗೆ ಸಿಗಬೇಕಾದ ಹೆಸರು ಸಿಕ್ತಿಲ್ಲ ಅಂತ ಜಗಳ ಆಗಿ 2014ರಲ್ಲಿ ಎಕ್‌ಸ್ಟೈನ್ ಹೊರಗೆ ಬಂದು ತಮ್ಮದೇ ವಿಮಾನ ಕಳಿಸೋಕೆ ಶುರು ಮಾಡಿದ್ರು, ಮೊದಲನೇದು ಉಕ್ರೇನ್‌ನಿಂದ. ಮಠ ಆಗ್ಲಿ ಟ್ರಸ್ಟ್ ಆಗ್ಲಿ, ಬೋರ್ಡಲ್ಲಿ ಯಾರ ಹೆಸರು ಮೇಲೆ ಬರಬೇಕು ಅನ್ನೋ ಜಗಳ ಎಲ್ಲಾ ಕಡೆ ಒಂದೇ.

ಕರ್ನಾಟಕದವರು ಇದನ್ನ ಓದುವಾಗ ಮನಸ್ಸಿಗೆ ಬರೋ ಮೊದಲ ಪ್ರಶ್ನೆ ನನಗೆ ಗೊತ್ತು: ಮತಾಂತರ? ಅಲ್ಲೂ ಮೊದಲ ಪ್ರಶ್ನೆ ಅದೇ ಆಗಿತ್ತು. ಇಸ್ರೇಲ್ 1977ರಲ್ಲೇ ಒಂದು ಕಾನೂನು ತಂದಿತು, ಮತ ಬದಲಾಯಿಸೋಕೆ ಅಂತ ದುಡ್ಡು ಅಥವಾ ಬೇರೆ ಲಾಭ ಕೊಟ್ಟವನಿಗೆ ಐದು ವರ್ಷದವರೆಗೆ ಜೈಲು, ತಗೊಂಡು ಬದಲಾದವನಿಗೆ ಮೂರು ವರ್ಷದವರೆಗೆ. ತಗೊಂಡವನಿಗೂ ಶಿಕ್ಷೆ ಅನ್ನೋದನ್ನ ಗಮನಿಸಿ. ಪ್ರಚಾರಕ್ಕೆ ಪೂರ್ತಿ ನಿಷೇಧ ಇಲ್ಲ, ದುಡ್ಡು ಕೊಟ್ಟು ಮಾಡೋದಕ್ಕೆ ಇದೆ. ನಮ್ಮಲ್ಲಿ 2022ರ ಕಾಯ್ದೆಯಲ್ಲಿ "ಆಮಿಷ" ಅಂತ ಒಂದು ಶಬ್ದ ಇಟ್ಟು ಅದರೊಳಗೆ ಉಡುಗೊರೆಯಿಂದ ಹಿಡಿದು ಪುಕ್ಕಟೆ ಶಿಕ್ಷಣದವರೆಗೆ ಸೇರಿಸಿದ್ರು, 2023ರ ಜೂನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ವಾಪಸ್ ತಗೊಳ್ಳೋ ತೀರ್ಮಾನ ಮಾಡ್ತು, ಆ ವಾದ ವಿವಾದ ನಿಮಗೆಲ್ಲ ನೆನಪಿರುತ್ತೆ. ತಮಾಷೆ ಏನಂದ್ರೆ ಆಮಿಷ ಎಲ್ಲಿ ಮುಗಿದು ಸಹಾಯ ಎಲ್ಲಿ ಶುರುವಾಗುತ್ತೆ ಅಂತ ಕಾಗದದ ಮೇಲೆ ಗೆರೆ ಎಳೆಯೋಕೆ ಯಾರಿಗೂ ಆಗಿಲ್ಲ. ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ತಗೊಳ್ಳಿ, ಬಂದಿದ್ದು ಮತಪ್ರಚಾರಕ್ಕೇ, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಅವರೇ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ್ರು, ಹಂಚಿನ ಕಾರ್ಖಾನೆ ಹಾಕಿದ್ರು, ಕಿಟೆಲ್ ನಿಘಂಟು ಕೊಟ್ರು. ಇದರಲ್ಲಿ ಎಷ್ಟು ಸೇವೆ ಎಷ್ಟು ಆಮಿಷ ಅಂತ ತಕ್ಕಡೀಲಿ ತೂಗಿ ಹೇಳಿ ನೋಡೋಣ. ಕಿಟೆಲ್ ನಿಘಂಟು ಮಾತ್ರ ಎಲ್ಲರೂ ತಗೊಂಡ್ವಿ.

ಎಕ್‌ಸ್ಟೈನ್ ಮಾಡಿದ ಜಾಣತನ ಏನು ಅಂದ್ರೆ ಈ ಗೆರೆಯನ್ನ ವ್ಯವಹಾರದಲ್ಲೇ ಎಳೆದುಬಿಟ್ರು. ದುಡ್ಡು ಕ್ರೈಸ್ತರದ್ದು, ಆದ್ರೆ ಹಂಚೋ ಕೈ ಯಹೂದಿಗಳದ್ದು. ಉಕ್ರೇನ್‌ನ ಅಜ್ಜಿ ಮನೆಗೆ ಡಬ್ಬ ಹೊತ್ತುಕೊಂಡು ಹೋಗೋದು ಪಾದ್ರಿ ಅಲ್ಲ, ಹೆಚ್ಚಾಗಿ ಹೆಸೆದ್ ಅನ್ನೋ ಯಹೂದಿ ಸೇವಾ ಕೇಂದ್ರದವರು, ಅದನ್ನ ನಡೆಸೋದು 1914ರಲ್ಲಿ ಶುರುವಾದ ಜಾಯಿಂಟ್ ಅನ್ನೋ ಹಳೇ ಯಹೂದಿ ಪರಿಹಾರ ಸಂಸ್ಥೆ. ಡಬ್ಬದೊಳಗೆ ಬೈಬಲ್ ಇಲ್ಲ, ಕರಪತ್ರ ಇಲ್ಲ. ಈ ಕೆಲಸಕ್ಕೆ ಅವರಿಟ್ಟ ಹೆಸರು ಕೂಡ ಯೆಶಾಯ 58, ಹಸಿದವನ ಜೊತೆ ನಿನ್ನ ಅನ್ನ ಹಂಚ್ಕೋ ಅಂತ ಹೇಳೋ ಅಧ್ಯಾಯ, ಎರಡೂ ಧರ್ಮದವರ ಗ್ರಂಥದಲ್ಲಿ ಇರೋದು, ಹಾಗಾಗಿ ಯಾರಿಗೂ ಇರಿಸುಮುರಿಸಿಲ್ಲ.

ಇದರ ಹಿಂದೆ ಒಂದು ವಿಚಾರನೂ ಇದೆ. 1964ರಲ್ಲಿ, ಕ್ಯಾಥೊಲಿಕರು ವ್ಯಾಟಿಕನ್‌ನಲ್ಲಿ ಯಹೂದಿಗಳ ಬಗ್ಗೆ ತಮ್ಮ ನಿಲುವನ್ನೇ ಬದಲಾಯಿಸೋ ಚರ್ಚೆಯಲ್ಲಿ ಇದ್ದಾಗ, ಅಮೆರಿಕಾದ ಆರ್ಥೊಡಾಕ್ಸ್ ಯಹೂದಿಗಳ ದೊಡ್ಡ ಗುರು ಜೋಸೆಫ್ ಸೊಲೊವೇಚಿಕ್ ಒಂದು ಲೇಖನ ಬರೆದು ತಮ್ಮವರಿಗೆ ದಾರಿ ಹಾಕಿಕೊಟ್ರು. ನಂಬಿಕೆ ವಿಷಯ ಅವರ ಜೊತೆ ಚರ್ಚೆಗೆ ಇಡಬೇಡಿ, ಒಬ್ಬನ ನಂಬಿಕೆ ಇನ್ನೊಬ್ಬನಿಗೆ ಬಿಡಿಸಿ ಹೇಳೋಕಾಗಲ್ಲ, ಆದ್ರೆ ಬಡತನ, ಯುದ್ಧ, ಹಸಿವು, ಜನರ ಹಕ್ಕು ಇಂಥದ್ದಕ್ಕೆ ಕೈ ಜೋಡಿಸಿ. ಮರು ವರ್ಷ, 1965ರ ಅಕ್ಟೋಬರ್ 28ಕ್ಕೆ, ವ್ಯಾಟಿಕನ್ ನಾಸ್ತ್ರಾ ಐತಾತೆ ಅನ್ನೋ ಘೋಷಣೆ ಹೊರಡಿಸ್ತು, ಯೇಸುವಿನ ಸಾವಿಗೆ ಯಹೂದಿಗಳನ್ನೆಲ್ಲ ಹೊಣೆ ಮಾಡೋದು ತಪ್ಪು ಅಂತ. ಇದರಿಂದ ಎಷ್ಟೋ ಬಾಗಿಲು ತೆಗೀತು, ನಿಜ. ಆದ್ರೂ ಕೆಲಸ ನಡೆದಿದ್ದು ಹೆಚ್ಚಾಗಿ ಸೊಲೊವೇಚಿಕ್ ಹಾಕಿದ ದಾರೀಲೇ, ದೇವರ ಮಾತು ಪಕ್ಕಕ್ಕಿಟ್ಟು ಅಕ್ಕಿ ಮೂಟೆ ಎತ್ತೋದು. ಸರ್ವಧರ್ಮ ಸಮ್ಮೇಳನ ಅಂತ ನಮ್ಮಲ್ಲೂ ಮಾಡ್ತಾರೆ, ಸ್ವಾಮೀಜಿ, ಪಾದ್ರಿ, ಮೌಲ್ವಿ ಮೂವರನ್ನೂ ವೇದಿಕೆ ಮೇಲೆ ಕೂರಿಸಿ ದೀಪ ಹಚ್ಚಿಸಿ ಎಲ್ಲಾ ಧರ್ಮದ ಸಾರ ಒಂದೇ ಅನ್ನಿಸ್ತಾರೆ, ಊಟ ಮಾಡಿ ಮನೆಗೆ ಹೋಗ್ತಾರೆ. ನನಗೆ ಅದಕ್ಕಿಂತ "ನಿನ್ನ ದೇವರು ನನಗೆ ಅರ್ಥ ಆಗಲ್ಲ, ಮೂಟೆಯ ಆ ತುದಿ ಹಿಡ್ಕೋ" ಅನ್ನೋ ಮಾತೇ ಹೆಚ್ಚು ಪ್ರಾಮಾಣಿಕ ಅನ್ಸುತ್ತೆ.

ಭಾರತಕ್ಕೆ ಸಂಬಂಧಿಸಿದ ಒಂದು ತಿರುವಿದೆ. ಮಣಿಪುರ, ಮಿಜೋರಂನಲ್ಲಿ ಬ್ನೇ ಮೆನಾಶೆ ಅನ್ನೋ ಸಮುದಾಯ, ಕುಕಿ ಮಿಜೋ ಜನ, ನಾವು ಇಸ್ರೇಲಿನ ಕಳೆದುಹೋದ ಬುಡಕಟ್ಟು ಅಂತ ನಂಬ್ತಾರೆ. ಇವರ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಮಿಷನರಿಗಳು ಬಂದು ಕ್ರೈಸ್ತರಾದವರು, ಬೈಬಲ್ ಓದ್ತಾ ಓದ್ತಾ ಹಳೇ ಒಡಂಬಡಿಕೆಯ, ಅಂದ್ರೆ ಬೈಬಲಿನ ಯಹೂದಿ ಭಾಗದ, ಕಥೆಗಳಲ್ಲಿ ತಮ್ಮನ್ನೇ ಕಂಡುಕೊಂಡು, ಕಳೆದ ಶತಮಾನದ ದ್ವಿತೀಯಾರ್ಧದಲ್ಲಿ ಯಹೂದಿ ಆಚರಣೆಗೆ ತಿರುಗಿಕೊಂಡ್ರು. 2005ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿ ಶ್ಲೋಮೊ ಅಮರ್ ಇವರು ಇಸ್ರೇಲ್ ವಂಶದವರು ಅಂತ ಒಪ್ಪಿದ್ರು, ಆದ್ರೂ ಅಲ್ಲಿಗೆ ಹೋದ್ಮೇಲೆ ಕ್ರಮವಾಗಿ ಯಹೂದಿ ಧರ್ಮಕ್ಕೆ ಸೇರ್ಪಡೆ ಆಗಬೇಕು. ಇಂಥವರ ವಿಮಾನದ ಟಿಕೆಟ್‌ಗೆ ದುಡ್ಡು ಕೊಟ್ಟವರಲ್ಲಿ ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಎಂಬೆಸಿ ಜೆರುಸಲೇಮ್ ಅನ್ನೋ ಕ್ರೈಸ್ತ ಸಂಸ್ಥೆನೂ ಇದೆ, 1980ರಲ್ಲಿ ಶುರುವಾಗಿದ್ದು. ಅಂದ್ರೆ ಕ್ರೈಸ್ತ ಧರ್ಮ ಬಿಟ್ಟು ಹೋದವರು ಯಹೂದಿಗಳಾಗೋಕೆ ಕ್ರೈಸ್ತರೇ ಟಿಕೆಟ್ ತೆಗೆಸಿಕೊಟ್ಟಿದ್ದು! ನಮ್ಮ ಆಮಿಷದ ಕಾಯ್ದೆ ಬರೆದವರಿಗೆ ಇದನ್ನ ತೋರಿಸಿದ್ರೆ ತಲೆ ಕೆರ್ಕೋತಾರೆ. 2023ರ ಮೇ ತಿಂಗಳ ಮಣಿಪುರದ ಗಲಭೆಯಲ್ಲಿ ಈ ಸಮುದಾಯದ ಎಷ್ಟೋ ಕುಟುಂಬಗಳು ಮನೆ ಕಳ್ಕೊಂಡವು. 2025ರ ನವೆಂಬರ್‌ನಲ್ಲಿ ಇಸ್ರೇಲ್ ಸರ್ಕಾರ ಉಳಿದಿರೋ ಸುಮಾರು 5,800 ಜನರನ್ನ 2030ರೊಳಗೆ ಕರೆಸಿಕೊಳ್ಳೋ ಯೋಜನೆಗೆ ಒಪ್ಪಿಗೆ ಕೊಡ್ತು, ಹೆಚ್ಚಿನವರನ್ನ ಉತ್ತರದ ಗಲಿಲಾಯ ಕಡೆ ನೆಲೆಗೊಳಿಸ್ತಾರಂತೆ.

ಇಲ್ಲಿಗೆ ಬಂದ್ಮೇಲೆ ರಾಜಕೀಯ ಬಿಟ್ಟು ಮಾತಾಡೋಕಾಗಲ್ಲ. ಅಜ್ಜಿಗೆ ಎಣ್ಣೆ ಹಿಟ್ಟು ಕೊಡೋದು ಒಂದು, ಜನರನ್ನ ಒಂದು ದೇಶಕ್ಕೆ ತಂದು ನೆಲೆಗೊಳಿಸೋದು ಇನ್ನೊಂದು, ಆ ನೆಲದ ಬಗ್ಗೆ ಜಗಳ ಇರುವಾಗ ಅದು ಬರೀ ದಾನ ಆಗಿ ಉಳಿಯಲ್ಲ. ಈ ದೊಡ್ಡ ಕ್ರೈಸ್ತ ಯಹೂದಿ ಸ್ನೇಹದಲ್ಲಿ ಹೊರಗೆ ನಿಂತವರು ಯಾರು ಅಂತ ನೋಡಿದ್ರೆ, ಬೆತ್ಲೆಹೆಮ್, ರಮಲ್ಲಾ, ಗಾಜಾದ ಪ್ಯಾಲೆಸ್ಟೈನ್ ಕ್ರೈಸ್ತರು, ಯೇಸು ಹುಟ್ಟಿದ ಊರಿನವರೇ. ಟೆನೆಸ್ಸಿಯ ನಮ್ಮ ಧರ್ಮದವರು ನಮ್ಮನ್ನ ಬಿಟ್ಟು ಉಳಿದ ಎಲ್ಲರಿಗೂ ದುಡ್ಡು ಕಳಿಸ್ತಾರೆ ಅನ್ನೋದು ಅವರ ಹಳೇ ದೂರು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿ ಮಾಡಿದ್ಮೇಲೆ ಕ್ರೈಸ್ತ ದುಡ್ಡು ಇಸ್ರೇಲಲ್ಲಿ ಬಾಂಬ್ ಶೆಲ್ಟರ್, ಆಂಬುಲೆನ್ಸ್, ಮನೆ ಬಿಟ್ಟು ಬಂದ ಕುಟುಂಬಗಳ ಕಡೆ ಹರೀತು, ಅದು ಬೇಕಾಗಿದ್ದೇ. ಅದೇ ಅಕ್ಟೋಬರ್ 19ರ ರಾತ್ರಿ ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದವರು ಇಸ್ರೇಲಿ ದಾಳಿಯಲ್ಲಿ ಸತ್ರು. 2025ರ ಜುಲೈ 17ಕ್ಕೆ ಅಲ್ಲಿನ ಒಂದೇ ಒಂದು ಕ್ಯಾಥೊಲಿಕ್ ಚರ್ಚಿಗೆ ಶೆಲ್ ಬಿದ್ದು ಮೂರು ಜನ ಸತ್ರು, ಪಾದ್ರಿಗೂ ಗಾಯ ಆಯ್ತು. ಅವರಿಗಾಗಿ ರಾತ್ರಿ ಹೊತ್ತಿನ ಜಾಹೀರಾತು ಬರಲಿಲ್ಲ.

ಇದು ಅಮೆರಿಕಾದ ಚರ್ಚಿನೊಳಗೂ ತಟ್ಟಿದೆ. ನಾರ್ತ್ ಕ್ಯಾರೊಲೈನಾದ ಇಬ್ಬರು ಪ್ರೊಫೆಸರ್‌ಗಳು ಮಾಡಿಸಿದ ಸಮೀಕ್ಷೆಗಳ ಪ್ರಕಾರ 30 ವರ್ಷದೊಳಗಿನ ಇವ್ಯಾಂಜಲಿಕಲ್‌ಗಳಲ್ಲಿ ಇಸ್ರೇಲ್ ಪರ ಅನ್ನೋರು 2018ರಲ್ಲಿ ಶೇ. 69 ಇದ್ದಿದ್ದು 2021ಕ್ಕೆ ಶೇ. 34ರ ಹತ್ರ ಇಳಿದಿತ್ತು. ಗಾಜಾ ಯುದ್ಧಕ್ಕೂ ಮುಂಚಿನ ಮಾತಿದು. ಅಂದ್ರೆ ಮೂವತ್ತು ಡಾಲರ್ ಕಳಿಸ್ತಿರೋ ಅಜ್ಜಿಯ ಮೊಮ್ಮಕ್ಕಳು ಅದೇ ಅಭ್ಯಾಸ ಮುಂದುವರಿಸ್ತಾರೆ ಅಂತ ಲೆಕ್ಕ ಹಾಕೋ ಹಾಗಿಲ್ಲ. ಆದಿಕಾಂಡ 12ರ ಮೇಲೆ ನಿಂತ ದಾನಕ್ಕೆ ಈ ಅಪಾಯ ಯಾವಾಗ್ಲೂ ಇದ್ದಿದ್ದೇ, ನಂಬಿಕೆ ಸಡಿಲ ಆದ್ರೆ ಡಬ್ಬನೂ ಖಾಲಿ. ಉಕ್ರೇನ್‌ನ ಅಜ್ಜಿಗೆ ಇದ್ಯಾವುದೂ ಗೊತ್ತಿರಲ್ಲ, ಈ ತಿಂಗಳು ಎಣ್ಣೆ ಯಾಕೆ ಬರಲಿಲ್ಲ ಅಂತ ಬಾಗಿಲು ನೋಡ್ತಿರ್ತಾಳೆ ಅಷ್ಟೇ.

ಇನ್ನೊಂದು ಥರದ ಜಂಟಿ ಕೆಲಸ ಇದೆ, ಅದರಲ್ಲಿ ಇಬ್ಬರಲ್ಲಿ ಯಾರೂ ಯಾರಿಗೂ ಕೊಡ್ತಿಲ್ಲ, ಇಬ್ರೂ ಸೇರಿ ಮೂರನೆಯವರಿಗೆ ಕೊಡ್ತಾರೆ. ಹಯಾಸ್ ಅಂತ ಯಹೂದಿ ಸಂಸ್ಥೆ, 1880ರ ದಶಕದಲ್ಲಿ ರಷ್ಯಾದ ದಂಗೆಗಳಿಂದ ಓಡಿ ನ್ಯೂಯಾರ್ಕಿಗೆ ಬಂದ ಯಹೂದಿಗಳಿಗೆ ಸಹಾಯ ಮಾಡೋಕೆ ಹುಟ್ಟಿದ್ದು. ಇತ್ತೀಚಿನ ವರ್ಷಗಳಲ್ಲಿ ಅವರು ನೆಲೆಗೊಳಿಸಿದ ನಿರಾಶ್ರಿತರಲ್ಲಿ ಹೆಚ್ಚಿನವರು ಯಹೂದಿಗಳೇ ಅಲ್ಲ, ಅಫ್ಘಾನಿಸ್ತಾನ, ಸಿರಿಯಾ, ಕಾಂಗೋದವರು. ಮೊದಲು ಅವರು ಯಹೂದಿಗಳು ಅಂತ ಸಹಾಯ ಮಾಡ್ತಿದ್ವಿ, ಈಗ ನಾವು ಯಹೂದಿಗಳು ಅಂತ ಮಾಡ್ತೀವಿ ಅನ್ನೋದು ಅವರ ಮಾತು. ಇದೇ ಕಾರಣಕ್ಕೆ ಸಿಟ್ಟಾದ ಒಬ್ಬ 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗ್‌ಗೆ (ಯಹೂದಿ ಪ್ರಾರ್ಥನಾ ಮಂದಿರ) ನುಗ್ಗಿ 11 ಜನರನ್ನ ಕೊಂದ, ನುಗ್ಗೋ ಮುಂಚೆ ಆನ್‌ಲೈನಲ್ಲಿ ಹಯಾಸ್ ಹೆಸರು ಹಿಡಿದು ಬೈದಿದ್ದ. 2025ರ ಜನವರಿಯಲ್ಲಿ ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ನಿರಾಶ್ರಿತರ ಪ್ರವೇಶ ನಿಲ್ಲಿಸಿದಾಗ ಸಿಯಾಟಲ್ ಕೋರ್ಟಿಗೆ ಹೋದ ಸಂಸ್ಥೆಗಳಲ್ಲಿ ಹಯಾಸ್ ಒಂದು, ಚರ್ಚ್ ವರ್ಲ್ಡ್ ಸರ್ವಿಸ್ ಅನ್ನೋ ಪ್ರಾಟೆಸ್ಟಂಟ್ ಸಂಸ್ಥೆ ಒಂದು, ಇನ್ನೊಂದು ಲೂಥರನ್ ಸಂಸ್ಥೆ. ಕ್ಯಾಥೊಲಿಕ್ ಬಿಷಪ್‌ಗಳು ಬೇರೆ ಕೇಸು ಹಾಕಿದ್ರು. ಸಿಯಾಟಲ್ ಜಡ್ಜ್ ತಡೆ ಕೊಟ್ರು, ಮೇಲಿನ ಕೋರ್ಟು ಅದನ್ನ ಮೊಟಕು ಮಾಡ್ತು. ಗೆದ್ದರೋ ಸೋತರೋ ಅನ್ನೋದಕ್ಕಿಂತ ನಾನು ನೋಡೋದು ಇದು: ಆ ಅರ್ಜಿಯ ಮೇಲೆ ಯಹೂದಿಯೂ ಕ್ರೈಸ್ತನೂ ಒಟ್ಟಿಗೆ ಸಹಿ ಹಾಕಿದಾರೆ, ಕಾಯ್ತಾ ಕೂತಿರೋ ಕುಟುಂಬ ಬಹುಶಃ ಮುಸ್ಲಿಮರದ್ದು. ಇಲ್ಲಿ ಯಾರ ಪ್ರವಾದನೆಯೂ ಈಡೇರಬೇಕಾಗಿಲ್ಲ.

ಇನ್ನೂ ಸಣ್ಣದಾಗಿ, ಸದ್ದಿಲ್ಲದೆ ನಡೆಯೋದು ಒಂದಿದೆ. ಅಮೆರಿಕಾದ ಎಷ್ಟೋ ಊರುಗಳಲ್ಲಿ ಡಿಸೆಂಬರ್ 25ರಂದು ಆಸ್ಪತ್ರೆಯ ರಿಸೆಪ್ಷನ್, ಬಡವರ ಊಟದ ಅಡಿಗೆಮನೆ, ವೃದ್ಧಾಶ್ರಮ ಇಲ್ಲೆಲ್ಲ ಯಹೂದಿ ಸ್ವಯಂಸೇವಕರು ಬಂದು ನಿಂತ್ಕೋತಾರೆ, ನೀವು ಮನೆಗೆ ಹೋಗಿ ಹಬ್ಬ ಮಾಡಿ ಅಂತ ಕ್ರೈಸ್ತ ಸಿಬ್ಬಂದಿಯನ್ನ ಕಳಿಸಿಬಿಟ್ಟು. ಆ ದಿನ ಹೇಗೂ ಅವರಿಗೆ ಹಬ್ಬ ಅಲ್ಲ, ರಜೆ. ಇದಕ್ಕೆ ದುಡ್ಡೂ ಬೇಡ, ಟಿವಿಯೂ ಬೇಡ. ಏಪ್ರನ್ ಕಟ್ಕೊಂಡು ಆಲೂಗಡ್ಡೆ ಸುಲಿಯೋದು ಅಷ್ಟೇ.

ಹೀಗಂದಾಗ ನನಗೆ ನಮ್ಮ ಅಮ್ಮನ ಮನೆ ಪಕ್ಕದ ಬಾಯಿ ನೆನಪಾಗ್ತಾರೆ, ಕಿನ್ನಿಗೋಳಿ ಕಡೆ, ಅಲ್ಲಿ ಕ್ಯಾಥೊಲಿಕ್ ಹೆಂಗಸರನ್ನ ಬಾಯಿ ಅಂತಲೇ ಕರೆಯೋದು. ಹೆಸರು ಬೇಡ, ಬೈತಾರೆ. ಇಸ್ರೇಲಲ್ಲಿ ಕೇರ್‌ಗಿವರ್ ಆಗಿ ಎಂಟು ವರ್ಷ ಇದ್ರು. ಅಲ್ಲಿ ಮುದುಕರನ್ನ ನೋಡ್ಕೊಳ್ಳೋ ಭಾರತೀಯರು ಸಾವಿರಾರು ಜನ, ಕೇರಳದವರ ಜೊತೆ ನಮ್ಮ ಮಂಗಳೂರು ಉಡುಪಿ ಕಡೆಯ ಕ್ಯಾಥೊಲಿಕರೂ ತುಂಬಾ. ಇದು ಚಾರಿಟಿ ಅಲ್ಲ, ಸಂಬಳದ ಕೆಲಸ, ಊರಲ್ಲಿ ಮನೆಗೆ ಸ್ಲ್ಯಾಬ್ ಬಿದ್ದಿದ್ದೇ ಆ ದುಡ್ಡಲ್ಲಿ. ಆದ್ರೂ ಹೇಳ್ತೀನಿ. ಬಾಯಿ ನೋಡ್ಕೊಳ್ತಿದ್ದ ಅಜ್ಜಿ ರೊಮೇನಿಯಾದಿಂದ ಬಂದವಳು. ಶುಕ್ರವಾರ ಸಂಜೆ ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಮೇಣದಬತ್ತಿ ಹಚ್ಚೋ ಮುಂಚೆ ಅಡಿಗೆಮನೆ ಕಿಟಕಿ ಹತ್ರ ಇದ್ದ ನೀಲಿ ತಗಡಿನ ಡಬ್ಬಿಗೆ ಒಂದು ಚಿಲ್ಲರೆ ಕಾಸು ಹಾಕೋಳಂತೆ, ತ್ಸೆದಾಕಾ ಡಬ್ಬಿ ಅದು, ವಾರಾವಾರ ಹಾಕ್ತಾ ಹೋದ್ರೆ ತುಂಬಿದ ಮೇಲೆ ಯಾರೋ ಬಂದು ತಗೊಂಡು ಹೋಗ್ತಾರೆ. ಕೈ ನಡುಗೋಕೆ ಶುರುವಾದ ಮೇಲೆ ಕಾಸು ತೂತಿನೊಳಗೆ ಹೋಗ್ತಿರಲಿಲ್ಲ, ಬಾಯಿ ಅಜ್ಜಿಯ ಕೈ ಹಿಡಿದು ಹಾಕಿಸೋರು. ಹಾಗೇ ಒಂದಿನ ತಮ್ಮ ಪರ್ಸಿಂದಲೂ ಅಲ್ಲಿನ ಒಂದು ಶೆಕೆಲ್ ನಾಣ್ಯ ತೆಗೆದು ಹಾಕಿದ್ರಂತೆ. "ಯಾಕೆ ಹಾಕಿದ್ರಿ ಬಾಯಿ?" ಅಂತ ನಾನು ಕೇಳಿದ್ದಕ್ಕೆ, "ಎಂತ ಯಾಕೆ ಮಾರಾಯ, ಡಬ್ಬಿ ಇತ್ತು, ಹಾಕಿದೆ" ಅಂದ್ರು. ನಾನು ಇಷ್ಟುದ್ದ ಬರೆದಿದ್ದಕ್ಕೆಲ್ಲ ಅವರ ಉತ್ತರ ಅದು.

ಕ್ರಿಸ್‌ಮಸ್ ದಿನ ಅಜ್ಜಿಯ ಮಗ ರಜೆ ಹಾಕಿ ಬಂದು ತಾಯಿ ಹತ್ರ ಕೂತ್ಕೊಂಡು ಬಾಯಿಯನ್ನ ಜಾಫಾದ ಸಂತ ಅಂತೋನಿ ಚರ್ಚಿಗೆ ಕಳಿಸಿದ್ನಂತೆ. ಹೊರಡೋವಾಗ ಅಜ್ಜಿ ಕರೆದು ನೂರು ಶೆಕೆಲ್ ನೋಟು ಕೈಗಿಟ್ಟು, ಅಲ್ಲಿ ಯಾರಾದ್ರೂ ಕಷ್ಟದಲ್ಲಿರೋರಿಗೆ ಕೊಡು, ಯಾರು ಕೊಟ್ರು ಅಂತ ಮಾತ್ರ ಹೇಳಬೇಡ ಅಂದ್ಳಂತೆ. ದಾನದಲ್ಲಿ ಎಂಟು ಮೆಟ್ಟಿಲಿದೆ, ಕೊಟ್ಟವನಿಗೂ ತಗೊಂಡವನಿಗೂ ಪರಸ್ಪರ ಗೊತ್ತಿಲ್ಲದ ಹಾಗೆ ಕೊಡೋದು ಮೇಲಿಂದ ಎರಡನೇ ಮೆಟ್ಟಿಲು ಅಂತ ಮೈಮೋನಿಡಿಸ್ ಬರೆದಿಟ್ಟಿದಾರೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅನ್ನೋದು ಬಾಯಿ ಓದೋ ಮತ್ತಾಯನ ಸುವಾರ್ತೆಯಲ್ಲೇ ಇದೆ. ಬಾಯಿ ನೋಟು ತಗೊಂಡು ಹೋಗಿ ಕೆಲಸ ಕಳ್ಕೊಂಡು ಕೂತಿದ್ದ ಇನ್ನೊಬ್ಬ ಹೆಂಗಸಿಗೆ ಕೊಟ್ರು, ಯಾರು ಕೊಟ್ಟಿದ್ದು ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ. ಊರಿಗೆ ಬಂದ್ಮೇಲೆ ಮಾತ್ರ ಇಡೀ ಬೀದಿಗೆ ಹೇಳಿದಾರೆ, ನನಗೇ ಮೂರು ಸಲ ಹೇಳಿ ಆಗಿದೆ.